ಮಿಲ್ಲಿಂಗ್ ಕಟರ್: ಮನೆಯ ಕಾರ್ಯಾಗಾರದಲ್ಲಿ ತಯಾರಿಕೆ

ಮಿಲ್ಲಿಂಗ್ ಕಟರ್ ಎಂದರೆ ತಾನು ತಿರುಗುತ್ತ, ಸುತ್ತಲಿನ ಹಲ್ಲುಗಳಿಂದ ಲೋಹವನ್ನು ಹೆರೆಯುವ ಉಪಕರಣ. ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಟೂಲ್ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಇದು ತಿರುವುಮುರುವು. ಸಮತಲ, ತೋಡು, ಕೀಲಿಮನೆ ಇವುಗಳಿಗೆ ಬೇಕಾದ ಕಟರ್‌ಗಳು ಸಿದ್ಧ ಅಳತೆಯಲ್ಲಿ ಅಂಗಡಿಯಲ್ಲೇ ಸಿಗುತ್ತವೆ. ಆದರೆ ಗೇರಿನ ಹಲ್ಲು, ಗಡಿಯಾರದ ಚಕ್ರದ ಹಲ್ಲು, ಅಪರೂಪದ ಕೋನದ ಡವ್‌ಟೇಲ್, ಹಳೆಯ ಯಂತ್ರದ ಯಾವುದೋ ವಕ್ರರೇಖೆ ಇವುಗಳಿಗೆ ಆ ಆಕಾರದ್ದೇ ಕಟರ್ ಬೇಕು. ಅಂಥದ್ದು ಎಷ್ಟೋ ಸಲ ಸಿಗುವುದಿಲ್ಲ. ಸಿಕ್ಕರೂ ಒಂದೇ ಒಂದು ಗೇರ್ ಕತ್ತರಿಸುವವನಿಗೆ ಅದರ ಬೆಲೆ ಹೊರೆ. ಚಿಕ್ಕ ಲೇತು, ಅದಕ್ಕೆ ಹೊಂದಿಸಿದ ಮಿಲ್ಲಿಂಗ್ ಸಾಧನ, ಒಂದು ಗ್ಯಾಸ್ ಟಾರ್ಚ್ ಇಷ್ಟರಲ್ಲೇ ಇಂಥ ಕಟರ್‌ಗಳನ್ನು ತಾವೇ ಮಾಡಿಕೊಳ್ಳುವ ಪರಿಪಾಠ ಹವ್ಯಾಸಿ ಯಂತ್ರಕರ್ಮಿಗಳಲ್ಲಿ ಬಹುಕಾಲದಿಂದ ಇದೆ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಮಾಡೆಲ್ ಎಂಜಿನಿಯರ್ ಪತ್ರಿಕೆಯ ಸುತ್ತ ಬೆಳೆದ ಬಳಗ ಈ ವಿದ್ಯೆಯನ್ನು ಹೆಚ್ಚಾಗಿ ಬೆಳೆಸಿತು. ಮನೆಯಲ್ಲಿ ಮಾಡಿದ ಕಟರ್ ಕಾರ್ಖಾನೆಯದರ ಬಡ ಅನುಕರಣೆ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಅದು ಎರಡು ಬೇರೆ ಗುಣಗಳನ್ನು ಒಂದೇ ಎಂದು ಎಣಿಸುವುದರಿಂದ ಹುಟ್ಟಿದ ಅಭಿಪ್ರಾಯ. ಕಟರ್‌ನ ನಿಖರತೆ ಬರುವುದು ಅದರ ರೇಖಾಗಣಿತದಿಂದ, ಅದರ ಆಯಸ್ಸು ಮತ್ತು ವೇಗ ಬರುವುದು ಉಕ್ಕಿನಿಂದ. ಮೊದಲನೆಯದು ಮನೆಯಲ್ಲೂ ಪೂರ್ತಿ ಕೈಗೆ ಸಿಗುವಂಥದ್ದು. ಕೊರತೆ ಬೀಳುವುದು ಎರಡನೆಯದರಲ್ಲಿ ಮಾತ್ರ.

ಇತಿಹಾಸ ಇದನ್ನೇ ಹೇಳುತ್ತದೆ. 18ನೇ ಶತಮಾನದ ಫ್ರಾನ್ಸಿನಲ್ಲಿ ಯಾಂತ್ರಿಕ ಗೊಂಬೆಗಳಿಗೆ ಹೆಸರಾದ ಜಾಕ್ ದ ವೋಕಾನ್ಸನ್‌ಗೆ ಸೇರಿದ್ದೆಂದು ಹೇಳಲಾಗುವ ಕಟರ್ ಈ ಜಾತಿಯ ಅತಿ ಹಳೆಯ ಉಪಕರಣಗಳಲ್ಲಿ ಒಂದು. ಅದರ ಹಲ್ಲುಗಳು ಅರದ ಹಲ್ಲಿನಷ್ಟು ಸಣ್ಣವು, ಒತ್ತೊತ್ತಾದವು. ಅಂದಿನ ಕಟರ್‌ಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ, ಕೈಯಲ್ಲಿ ಅರ ಹಿಡಿದು ಹಲ್ಲು ತೆಗೆದ ತಿರುಗುವ ಅರಗಳು. ಮೊಂಡಾದರೆ ಕಾಯಿಸಿ ಮೆದುಮಾಡಿ, ಹಲ್ಲುಗಳನ್ನು ಮತ್ತೆ ಅರದಿಂದ ತೀಡಿ, ಮತ್ತೆ ಗಡಸು ಮಾಡಬೇಕಿತ್ತು; ಪ್ರತಿ ಸಲವೂ ಆಕಾರ ಒಂದಿಷ್ಟು ಕೆಡುತ್ತಿತ್ತು. ಈ ಸಂಕಟಕ್ಕೆ ಪರಿಹಾರ ಕೊಟ್ಟದ್ದು ಒಳ್ಳೆಯ ಉಕ್ಕಲ್ಲ. ಅಮೆರಿಕದ ಪ್ರಾವಿಡೆನ್ಸ್ ನಗರದ ಬ್ರೌನ್ ಅಂಡ್ ಶಾರ್ಪ್ ಸಂಸ್ಥೆಯ ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರವನ್ನು ಹೊರತಂದವನು. ಅವನೇ 1864ರಲ್ಲಿ, ಹಲ್ಲಿನ ಮುಖವನ್ನು ಎಷ್ಟೇ ಸಲ ಸಾಣೆ ಹಿಡಿದರೂ ಆಕಾರ ಕೆಡದ ಗೇರ್ ಕಟರ್‌ಗೆ ಪೇಟೆಂಟ್ ಪಡೆದ. ಹೈಸ್ಪೀಡ್ ಉಕ್ಕನ್ನು ಟೇಲರ್ ಮತ್ತು ವೈಟ್ ಜಗತ್ತಿನ ಮುಂದೆ ತೋರಿಸಿದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಅಂದರೆ ನಿಖರವಾದ ಗೇರ್ ಕಟರ್‌ಗಳು ಮೂರೂವರೆ ದಶಕ ಕಾಲ ಸಾದಾ ಕಾರ್ಬನ್ ಉಕ್ಕಿನಲ್ಲೇ ತಯಾರಾಗಿ, ಹೊಲಿಗೆ ಯಂತ್ರದಂಥ ಸೂಕ್ಷ್ಮ ಯಂತ್ರಗಳ ಕಾರ್ಖಾನೆಗಳ ಕಾಲದಲ್ಲಿ ದುಡಿದವು. ಇಂದು ಮನೆಯಲ್ಲಿ ಕಟರ್ ಮಾಡುವವನ ಕೈಯಲ್ಲಿರುವುದು ಹೆಚ್ಚುಕಡಿಮೆ ಆ ಕಾಲದ ಉಕ್ಕು, ಆ ಕಾಲದ ರೇಖಾಗಣಿತ.

ಬ್ರೌನ್ ಮಾಡಿದ್ದನ್ನು ಅರ್ಥಮಾಡಿಕೊಳ್ಳಲು ಹಲ್ಲಿನ ಬೆನ್ನನ್ನು ನೋಡಬೇಕು. ಕತ್ತರಿಸುವ ಅಂಚಿನ ಹಿಂದೆ ಹಲ್ಲು ಅದೇ ಎತ್ತರದಲ್ಲಿ ಮುಂದುವರಿದರೆ ಬೆನ್ನು ಲೋಹಕ್ಕೆ ಉಜ್ಜಿ, ಅಂಚು ಒಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಅಂಚಿನ ಹಿಂದೆ ಹಲ್ಲು ಕಟರ್‌ನ ಕೇಂದ್ರದ ಕಡೆಗೆ ಇಳಿಯುತ್ತ ಹೋಗಬೇಕು. ಈ ಇಳಿಜಾರಿಗೆ ಕಾರ್ಯಾಗಾರದ ಮಾತಿನಲ್ಲಿ ರಿಲೀಫ್ ಎನ್ನುತ್ತಾರೆ. ಅದನ್ನು ಬೇಕಾಬಿಟ್ಟಿ ಅರದಿಂದ ಕೊಟ್ಟರೆ ಕಟರ್ ಕತ್ತರಿಸುವುದೇನೋ ಹೌದು. ಆದರೆ ಮುಂದೆ ಸಾಣೆ ಹಿಡಿದಾಗ ಅಂಚಿನ ಆಕಾರ ಬದಲಾಗುತ್ತದೆ. ಬದಲಿಗೆ ಹಲ್ಲಿನ ಪೂರ್ತಿ ಆಕಾರವೇ, ಒಂದಿಷ್ಟೂ ಬದಲಾಗದೆ, ಹಿಂದೆ ಹೋದಂತೆ ಕೇಂದ್ರದತ್ತ ಸರಿಯುತ್ತ ಹೋದರೆ, ಚಕ್ಕುಲಿ ಒರಳಿನಿಂದ ಇಳಿದ ಎಳೆಯನ್ನು ಎಲ್ಲಿ ಮುರಿದರೂ ಅದೇ ನಕ್ಷತ್ರ ಸಿಗುವಂತೆ, ಹಲ್ಲನ್ನು ಎಷ್ಟು ಹಿಂದಕ್ಕೆ ಸಾಣೆ ಹಿಡಿದರೂ ಅದೇ ಆಕಾರ ಸಿಗುತ್ತದೆ. ಒಂದೇ ಷರತ್ತು: ಸಾಣೆ ಹಿಡಿಯುವ ಮುಖ ಕಟರ್‌ನ ಕೇಂದ್ರದಿಂದ ಹೊರಟ ತ್ರಿಜ್ಯದ ಮೇಲೇ ಇರಬೇಕು. ಇಲ್ಲಿ ಕೆಲವು ಅಂಕಿಗಳನ್ನು ನೋಡುವುದು ಒಳ್ಳೆಯದು. 50 ಮಿ.ಮೀ. ವ್ಯಾಸದ, ಎಂಟು ಹಲ್ಲಿನ ಕಟರ್‌ಗೆ ತುದಿಯಲ್ಲಿ 10 ಡಿಗ್ರಿ ರಿಲೀಫ್ ಬೇಕಾದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿನವರೆಗಿನ ದೂರದಲ್ಲಿ ಸುಮಾರು 3.5 ಮಿ.ಮೀ. ಇಳಿತ ಬೇಕು. ಆದರೆ ಹಲ್ಲಿನ ಪಕ್ಕಗಳಿಗೆ ಇಷ್ಟು ರಿಲೀಫ್ ಸಿಗುವುದಿಲ್ಲ. ಪಕ್ಕದ ಗೆರೆ ತ್ರಿಜ್ಯದಿಂದ ಎಷ್ಟು ಓರೆಯಾಗಿದೆಯೋ ಅದಕ್ಕೆ ತಕ್ಕಷ್ಟು ಮಾತ್ರ. ಹಲ್ಲುಗಳ ಸಂಖ್ಯೆ ಹೆಚ್ಚಿರುವ, ಒತ್ತಡ ಕೋನ (ಪಿಚ್ ರೇಖೆಯಲ್ಲಿ ಹಲ್ಲಿನ ಪಕ್ಕ ತ್ರಿಜ್ಯದಿಂದ ಓರೆಯಾಗಿರುವ ಕೋನ) 20 ಡಿಗ್ರಿ ಇರುವ ಗೇರಿಗಾದರೆ ಪಿಚ್ ರೇಖೆಯ ಬಳಿ, ಅಂದರೆ ಜೋಡಿ ಗೇರುಗಳು ಒಂದರ ಮೇಲೊಂದು ಉರುಳುವ ವೃತ್ತದ ಬಳಿ, ಪಕ್ಕದ ರಿಲೀಫ್ ಸುಮಾರು 3.5 ಡಿಗ್ರಿ, ಹಳೆಯ 14.5 ಡಿಗ್ರಿ ಕೋನದ ಗೇರಿಗಾದರೆ ಬರೀ 2.5 ಡಿಗ್ರಿ. ಬುಡದತ್ತ ಇಳಿದಂತೆ ಇನ್ನೂ ಕಡಿಮೆ. ಮನೆಯಲ್ಲಿ ಮಾಡಿದ ಗೇರ್ ಕಟರ್ ಉಜ್ಜುತ್ತದೆ, ಬಿಸಿಯಾಗುತ್ತದೆ, ಹಲ್ಲಿನ ಪಕ್ಕ ಒರಟಾಗಿ ಬರುತ್ತದೆ ಎಂಬ ದೂರುಗಳಲ್ಲಿ ಬಹುಪಾಲಿಗೆ ಕಾರಣ ಇದು. ಉಕ್ಕನ್ನು ದೂರುವ ಮೊದಲು ಪಕ್ಕದ ರಿಲೀಫನ್ನು ಲೆಕ್ಕ ಹಾಕಿ ನೋಡಬೇಕು.

ಈ ರಿಲೀಫನ್ನು ಕಾರ್ಖಾನೆಗಳು ವಿಶೇಷ ಲೇತಿನಲ್ಲಿ ಕೊಡುತ್ತವೆ. ಅಲ್ಲಿ ಒಂದು ಕ್ಯಾಮ್ ಪ್ರತಿ ಹಲ್ಲಿಗೊಮ್ಮೆ ಟೂಲನ್ನು ಒಳಕ್ಕೆ ತಳ್ಳಿ ಹಿಂದಕ್ಕೆ ಎಳೆಯುತ್ತದೆ. ಮನೆಯಲ್ಲಿ ಇದಕ್ಕೆ ಮೂರು ದಾರಿಗಳಿವೆ. ಅತಿ ಸರಳವಾದದ್ದು ಒಂದೇ ಹಲ್ಲಿನ ಫ್ಲೈ ಕಟರ್: ಒಂದು ದಂಡದಲ್ಲಿ ಕೂರಿಸಿದ ಟೂಲ್ ಬಿಟ್ಟು. ಒಂದೇ ಹಲ್ಲಾದ್ದರಿಂದ ಬೆನ್ನನ್ನು ಧಾರಾಳವಾಗಿ ತೆಗೆಯಬಹುದು, ಹಲ್ಲುಗಳ ನಡುವಿನ ಸಮಾನ ಅಂತರದ ಪ್ರಶ್ನೆಯೇ ಇಲ್ಲ. ಗಡಿಯಾರ ಮಾಡುವವರು ಹಿತ್ತಾಳೆಯ ಚಕ್ರಗಳನ್ನು ಇಂದಿಗೂ ಇದರಲ್ಲೇ ಕತ್ತರಿಸುತ್ತಾರೆ. ಎರಡನೆಯದು ಕೇಂದ್ರ ತಪ್ಪಿಸಿ ತಿರುಗಿಸುವುದು. ಕಟರ್‌ನ ಬಿಲ್ಲೆಯಲ್ಲಿ ನಾಲ್ಕು ಹಲ್ಲುಗಳಿಗೆ ಜಾಗ ಬಿಟ್ಟು ಉಳಿದದ್ದನ್ನು ತೆಗೆದು, ಬಿಲ್ಲೆಯನ್ನು ಲೇತಿನಲ್ಲಿ ಬೇಕೆಂದೇ ಕೇಂದ್ರದಿಂದ ಸರಿಸಿ ಕೂರಿಸಿ, ಒಂದೊಂದು ಹಲ್ಲನ್ನೂ ಆಕಾರದ ಟೂಲಿನಿಂದ ಬೇರೆ ಬೇರೆಯಾಗಿ ತಿರುಗಿಸುತ್ತಾರೆ. 25 ಮಿ.ಮೀ. ತ್ರಿಜ್ಯದ ಕಟರ್‌ಗೆ ಅಂಚಿನ ತ್ರಿಜ್ಯಕ್ಕೆ ಲಂಬವಾಗಿ ಸುಮಾರು 4.4 ಮಿ.ಮೀ. ಸರಿಸಿದರೆ 10 ಡಿಗ್ರಿ ರಿಲೀಫ್ ತಾನಾಗಿ ಬರುತ್ತದೆ. ಇದರಲ್ಲೊಂದು ಒಳಗುಟ್ಟಿದೆ. ಟೂಲ್ ಆಕಾರ ಮೂಡಿಸುವುದು ಸರಿಸಿದ ಕೇಂದ್ರದ ಕಡೆಗೆ, ಆದರೆ ಹಲ್ಲಿನ ಮುಖ ಇರುವುದು ಕಟರ್‌ನ ನಿಜವಾದ ಕೇಂದ್ರದ ತ್ರಿಜ್ಯದ ಮೇಲೆ. ಇವೆರಡರ ನಡುವೆ ರಿಲೀಫಿನಷ್ಟೇ ಕೋನ ಬೀಳುವುದರಿಂದ ಆಕಾರ ಆಳದ ದಿಕ್ಕಿನಲ್ಲಿ ಸುಮಾರು ಶೇ. 1.5ರಷ್ಟು ಹಿಗ್ಗುತ್ತದೆ. 2.25 ಮಿ.ಮೀ. ಆಳದ ಹಲ್ಲಿಗೆ ಇದು 0.035 ಮಿ.ಮೀ. ಆಸುಪಾಸು. ಹವ್ಯಾಸಿಯ ಕೆಲಸಕ್ಕೆ ಇಷ್ಟು ತಾಳಿಕೊಳ್ಳಬಹುದು. ಬೇಡವೆಂದರೆ ಮೂರನೆಯ ದಾರಿ ಹಿಡಿಯಬೇಕು. ಅದು ಬ್ರಿಟಿಷ್ ಹವ್ಯಾಸಿಗಳಲ್ಲಿ ಯುರೇಕಾ ಎಂದು ಹೆಸರಾದ ಸಾಧನ. ಸಾಮಾನ್ಯ ಲೇತಿನ ಎರಡು ಸೆಂಟರುಗಳ ನಡುವೆ ಕೂರುವ ಈ ದಂಡ, ಒಂದು ಉತ್ಕೇಂದ್ರ ಮತ್ತು ರಾಚೆಟ್‌ಗಳ ಕೂಟದಿಂದ, ಲೇತಿನ ಪ್ರತಿ ಸುತ್ತಿಗೂ ಕಟರನ್ನು ಒಂದು ಹಲ್ಲು ಮುಂದಕ್ಕೆ ತಳ್ಳುತ್ತ ನಿಂತ ಟೂಲಿನತ್ತ ಒತ್ತುತ್ತದೆ. ಕ್ಯಾಮ್ ಲೇತು ಮಾಡುವ ಕೆಲಸವನ್ನು ಅಂಗೈಯಗಲದ ಕೂಟವೊಂದು ಮಾಡುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಕಾರ್ಖಾನೆ ಬೇಡ ಎಂಬುದು ಇಲ್ಲಿ ಮುಖ್ಯ.

ರಿಲೀಫ್ ಸಿಕ್ಕಿತು, ಆಕಾರ ಎಲ್ಲಿಂದ? ಗೇರಿನ ಹಲ್ಲಿನ ಪಕ್ಕ ಇನ್ವೊಲ್ಯೂಟ್ ಎಂಬ ವಕ್ರರೇಖೆ. ಅದರ ಬಾಗು ಬುಡದಿಂದ ತುದಿಗೆ ಬದಲಾಗುತ್ತಲೇ ಇರುತ್ತದೆ. ಅದನ್ನು ಕೈಯಿಂದ ತೀಡುವುದು ದೂರದ ಮಾತು. ಮಾಡೆಲ್ ಎಂಜಿನಿಯರ್ ಬಳಗದ ಐವನ್ ಲಾ ತನ್ನ ಗೇರ್ಸ್ ಅಂಡ್ ಗೇರ್ ಕಟಿಂಗ್ ಪುಸ್ತಕದಲ್ಲಿ ಇದಕ್ಕೆ ಎರಡು ಗುಂಡಿಗಳ ಉಪಾಯವನ್ನು ಜನಪ್ರಿಯಗೊಳಿಸಿದ. ಗಡಸು ಮಾಡಿದ ಎರಡು ದುಂಡು ಉಕ್ಕಿನ ಬಿಲ್ಲೆಗಳನ್ನು ಲೆಕ್ಕ ಹಾಕಿದ ಅಂತರದಲ್ಲಿ ಒಂದು ಹಿಡಿಕೆಗೆ ಕೂರಿಸಿದರೆ ಅದೇ ಆಕಾರದ ಟೂಲ್. ಅದು ಕಟರ್‌ನ ಬಿಲ್ಲೆಗೆ ಎರಡೂ ಪಕ್ಕಗಳಿಂದ ತಗ್ಗು ಕೊರೆಯುತ್ತದೆ. ಆ ತಗ್ಗುಗಳ ನಡುವೆ ಉಳಿದದ್ದು ಕಟರ್‌ನ ಹಲ್ಲು, ಅದು ಕತ್ತರಿಸಿದ ಗೇರಿನಲ್ಲಿ ಮತ್ತೆ ಉಬ್ಬು ಪಕ್ಕಗಳು ಮೂಡುತ್ತವೆ. ಗುಂಡಿಯ ವ್ಯಾಸ ಗೇರಿನ ಪಿಚ್ ವ್ಯಾಸವನ್ನು ಒತ್ತಡ ಕೋನದ ಸೈನಿನಿಂದ ಗುಣಿಸಿದಷ್ಟು. ಮಾಡ್ಯೂಲ್ (ಪಿಚ್ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದ ಮಿ.ಮೀ. ಅಳತೆ) 1ರ, 25 ಹಲ್ಲಿನ, 20 ಡಿಗ್ರಿಯ ಗೇರಿಗೆ ಅದು 8.55 ಮಿ.ಮೀ.; ಎರಡು ಗುಂಡಿಗಳ ಕೇಂದ್ರಗಳ ಅಂತರ 9.40 ಮಿ.ಮೀ. ಲೇತಿನಲ್ಲಿ ದುಂಡು ವಸ್ತುವಿನ ವ್ಯಾಸವನ್ನು ನೂರನೇ ಒಂದು ಮಿ.ಮೀ.ಗೆ ತರುವುದು ಮೈಕ್ರೊಮೀಟರ್ ಇರುವ ಯಾರಿಗೂ ಆಗುವ ಕೆಲಸ. ಕಷ್ಟದ ವಕ್ರರೇಖೆಯನ್ನು ಸುಲಭದ ವೃತ್ತಕ್ಕೆ ಇಳಿಸಿದ್ದೇ ಈ ಉಪಾಯದ ಜಾಣ್ಮೆ.

ಇಲ್ಲಿ ಗಣಿತ ಬಲ್ಲವರ ಆಕ್ಷೇಪ ಏಳುತ್ತದೆ: ವೃತ್ತದ ಕಂಸ ಇನ್ವೊಲ್ಯೂಟ್ ಅಲ್ಲವಲ್ಲ, ಹಾಗಾದರೆ ನಿಖರತೆಯ ಮಾತೆಲ್ಲಿ? ಆಕ್ಷೇಪ ನ್ಯಾಯವಾದದ್ದೇ, ಆದರೆ ತಪ್ಪು ಎಷ್ಟು ಎಂದು ಕೇಳಬೇಕು. ಮೇಲಿನ ಅದೇ ಗೇರಿಗೆ ಲೆಕ್ಕ ಹಾಕಿದರೆ, ಪಿಚ್ ರೇಖೆಯಲ್ಲಿ ಎರಡೂ ರೇಖೆಗಳು ಕೂಡಿಕೊಂಡಿರುತ್ತವೆ. ಹಲ್ಲಿನ ತುದಿಗೆ ಹೋದಾಗ ಕಂಸ ಸುಮಾರು 0.02 ಮಿ.ಮೀ. ಒಳಕ್ಕೆ, ಅಂದರೆ ಹಲ್ಲು ತೆಳುವಾಗುವ ಕಡೆಗೆ ಸರಿದಿರುತ್ತದೆ. ಇನ್ವೊಲ್ಯೂಟ್ ಆರಂಭವಾಗುವ ಬೇಸ್ ವೃತ್ತದ ಬಳಿ ಹೆಚ್ಚುಕಡಿಮೆ ಅಷ್ಟೇ ದಪ್ಪವಾಗಿರುತ್ತದೆ. ಜೋಡಿಯ ಎರಡೂ ಗೇರುಗಳನ್ನು ಇದೇ ರೀತಿ ಕತ್ತರಿಸಿದ್ದರೆ ಒಂದರ ತೆಳು ತುದಿ ಇನ್ನೊಂದರ ದಪ್ಪ ಬುಡಕ್ಕೆ ಎದುರಾಗುತ್ತದೆ, ಒಂದರ ತಪ್ಪು ಇನ್ನೊಂದರ ತಪ್ಪನ್ನು ಬಹುಮಟ್ಟಿಗೆ ನುಂಗುತ್ತದೆ. ತುದಿಯನ್ನು ಕೊಂಚ ತೆಳು ಮಾಡುವುದು ಕಾರ್ಖಾನೆಯ ಗೇರುಗಳಲ್ಲೂ ಸದ್ದು ತಗ್ಗಿಸಲು ಬೇಕೆಂದೇ ಮಾಡುವ ಕೆಲಸ. ಇನ್ನು ಕೊಂಡ ಕಟರ್ ನಿಖರ ಎಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ಬ್ರೌನ್ ಅಂಡ್ ಶಾರ್ಪ್ ಪದ್ಧತಿಯಲ್ಲಿ 12 ಹಲ್ಲಿನಿಂದ ನೇರ ಹಲ್ಲುಪಟ್ಟಿಯಾದ ರ‍್ಯಾಕ್‌ವರೆಗಿನ ಎಲ್ಲ ಗೇರುಗಳಿಗೆ ಒಟ್ಟು ಎಂಟೇ ಕಟರ್‌ಗಳು. ಆರನೇ ಸಂಖ್ಯೆಯದು 17ರಿಂದ 20 ಹಲ್ಲುಗಳಿಗೆ, ಎರಡನೇ ಸಂಖ್ಯೆಯದು 55ರಿಂದ 134 ಹಲ್ಲುಗಳಿಗೆ. ಪ್ರತಿಯೊಂದನ್ನೂ ಆ ಶ್ರೇಣಿಯ ಅತಿ ಕಡಿಮೆ ಹಲ್ಲಿನ ಗೇರಿಗೆ ಸರಿಹೊಂದಿಸಿರುತ್ತಾರೆ. 17 ಮತ್ತು 20 ಹಲ್ಲಿನ ಗೇರುಗಳ ಪಿಚ್ ಬಿಂದುವಿನ ಬಾಗಿನ ತ್ರಿಜ್ಯಗಳಲ್ಲಿ ಶೇ. 17ಕ್ಕೂ ಹೆಚ್ಚು ವ್ಯತ್ಯಾಸವಿದೆ. ಹೀಗಾಗಿ 20 ಹಲ್ಲಿನ ಗೇರನ್ನು ಆರನೇ ಸಂಖ್ಯೆಯ ಕಟರ್‌ನಲ್ಲಿ ಕತ್ತರಿಸಿದವನು ಅಂದಾಜಿನ ಆಕಾರವನ್ನೇ ಕತ್ತರಿಸಿದ್ದಾನೆ. 20 ಹಲ್ಲಿಗೆಂದೇ ಗುಂಡಿಗಳನ್ನು ತಿರುಗಿಸಿ ಕಟರ್ ಮಾಡಿಕೊಂಡವನ ಅಂದಾಜು ಅದಕ್ಕಿಂತ ಕೆಟ್ಟದ್ದಾಗಿರಬೇಕಿಲ್ಲ. ನಿಜವಾದ ಇನ್ವೊಲ್ಯೂಟೇ ಬೇಕೆಂದರೆ ಆಕಾರದ ಕಟರ್‌ಗಳ ಈ ಇಡೀ ಕುಲವನ್ನೇ ಬಿಟ್ಟು, ಹರ್ಮನ್ ಫೌಟರ್ 1897ರಲ್ಲಿ ಪೇಟೆಂಟ್ ಪಡೆದ ಯಂತ್ರದ ದಾರಿಯಲ್ಲಿ ಹಾಬಿಂಗ್‌ಗೆ ಹೋಗಬೇಕು. ಅಲ್ಲಿ ಕಟರ್‌ನ ಪಕ್ಕಗಳು ನೇರ, ವಕ್ರರೇಖೆ ಹುಟ್ಟುವುದು ಎರಡು ಚಲನೆಗಳ ಕೂಟದಿಂದ. ವೇಗವಾಗಿ ತಿರುಗುವ, ಭಾರ ಹೊರುವ ಗೇರ್ ಪೆಟ್ಟಿಗೆಗೆ ಅದೇ ಸರಿ. ಲೇತಿನ ಬದಲಿ ಗೇರು, ಡಿವೈಡಿಂಗ್ ಹೆಡ್ಡು, ಮಾದರಿ ಎಂಜಿನ್ನಿನ ಪಂಪು ಇವುಗಳಿಗೆ ಅಷ್ಟು ಬೇಕಿಲ್ಲ.

ಎರಡನೆಯ ಆಕ್ಷೇಪ ಉಕ್ಕಿನದು, ಮತ್ತು ಇದರಲ್ಲಿ ಹೆಚ್ಚು ತಿರುಳಿದೆ. ಎಂ-2 ಎಂಬ ಹೈಸ್ಪೀಡ್ ಉಕ್ಕಿನಲ್ಲಿ ಸುಮಾರು ಶೇ. 6 ಟಂಗ್‌ಸ್ಟನ್, ಶೇ. 5 ಮಾಲಿಬ್ಡಿನಂ, ಶೇ. 4 ಕ್ರೋಮಿಯಂ, ಶೇ. 2 ವನೇಡಿಯಂ ಇರುತ್ತವೆ. ಅದನ್ನು ಗಡಸು ಮಾಡಲು 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ, ಕಟ್ಟುನಿಟ್ಟಾಗಿ ಹಿಡಿದಿಟ್ಟ ಶಾಖ ಬೇಕು. ಮನೆಯ ಟಾರ್ಚಿಗೆ ಅದು ಆಗದು. ಹೀಗಾಗಿ ಮನೆಯಲ್ಲಿ ಬಳಸುವುದು ಶೇ. 1ರ ಆಸುಪಾಸು ಇಂಗಾಲವಿರುವ ಸಿಲ್ವರ್ ಸ್ಟೀಲ್, ಇಲ್ಲವೇ ಎಣ್ಣೆಯಲ್ಲಿ ತಣಿಸುವ ಓ-1 ಜಾತಿಯ ಉಕ್ಕು; ಈ ಎರಡನೆಯದು ನಮ್ಮ ಉಕ್ಕಿನ ಅಂಗಡಿಗಳಲ್ಲಿ ಓಎಚ್‌ಎನ್‌ಎಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇವುಗಳಿಂದ ಮಾಡಿದ ಕಟರ್ ಮೆದು ಎಂದು ಅನೇಕರು ತಿಳಿಯುತ್ತಾರೆ. ಸರಿಯಾಗಿ ಹದ ಹಾಕಿದ ಕಾರ್ಬನ್ ಉಕ್ಕಿನ ಕಟರ್ ರಾಕ್‌ವೆಲ್ ಸಿ ಮಾನದಲ್ಲಿ 60–62 ಬರುತ್ತದೆ. ಎಂ-2 ಬರುವುದು 63–65. ತಣ್ಣಗಿರುವಾಗ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಕಾಣುವುದು ಬಿಸಿಯಾದಾಗ. ಹೈಸ್ಪೀಡ್ ಉಕ್ಕು 550–600 ಡಿಗ್ರಿಯವರೆಗೂ ಗಡಸುತನವನ್ನು ಬಿಟ್ಟುಕೊಡುವುದಿಲ್ಲ, ಕಾರ್ಬನ್ ಉಕ್ಕು 200 ಡಿಗ್ರಿ ದಾಟುತ್ತಲೇ ಸಡಿಲತೊಡಗುತ್ತದೆ. ಆದ್ದರಿಂದ ಕಾರ್ಬನ್ ಕಟರನ್ನು ಬಿಸಿಯಾಗಲು ಬಿಡದೆ ಓಡಿಸಬೇಕು: ಹೈಸ್ಪೀಡ್ ಕಟರ್‌ನ ಅರ್ಧ ವೇಗ, ಧಾರಾಳ ಎಣ್ಣೆ. ಮೈಲ್ಡ್ ಸ್ಟೀಲಿಗೆ ನಿಮಿಷಕ್ಕೆ 15 ಮೀಟರ್ ವೇಗವೆಂದರೆ 50 ಮಿ.ಮೀ. ಕಟರ್ ನಿಮಿಷಕ್ಕೆ 95 ಸುತ್ತು. ಇದು ಎಷ್ಟು ಕಾಲ ತಿನ್ನುತ್ತದೆ? ಮಾಡ್ಯೂಲ್ 1ರ, 8 ಮಿ.ಮೀ. ಅಗಲದ, 40 ಹಲ್ಲಿನ ಗೇರಿನಲ್ಲಿ ಪ್ರತಿ ತೋಡಿಗೆ ಕಟರ್ ಸುಮಾರು 20 ಮಿ.ಮೀ. ಸಾಗಬೇಕು, ಒಟ್ಟು 800 ಮಿ.ಮೀ. ಹಲ್ಲೊಂದಕ್ಕೆ 0.05 ಮಿ.ಮೀ. ಫೀಡ್ ಕೊಟ್ಟರೆ ನಾಲ್ಕು ಹಲ್ಲಿನ ಕಟರ್‌ಗೆ ಮುಕ್ಕಾಲು ಗಂಟೆಗೂ ಕಡಿಮೆ, ಒಂದೇ ಹಲ್ಲಿನದಕ್ಕೆ ಮೂರು ಗಂಟೆಯೊಳಗೆ. ದಿನಕ್ಕೆ ನೂರು ಗೇರ್ ಮಾಡುವ ಕಾರ್ಖಾನೆಗೆ ಅರ್ಧ ವೇಗದ ಈ ನಿಧಾನ ಅಳಿವು ಉಳಿವಿನ ಪ್ರಶ್ನೆ. ವರ್ಷಕ್ಕೆ ಎರಡು ಗೇರ್ ಮಾಡುವವನಿಗೆ ಅದು ಒಂದು ಮಧ್ಯಾಹ್ನ. ಹೈಸ್ಪೀಡ್ ಉಕ್ಕೇ ಬೇಕೆನ್ನುವವರಿಗೆ ದಾರಿ ಪೂರ್ತಿ ಮುಚ್ಚಿಲ್ಲ: ಗಡಸಾಗಿಯೇ ಸಿಗುವ ಚೌಕದ ಟೂಲ್ ಬಿಟ್ಟನ್ನು ಸಾಣೆಯಲ್ಲಿ ಆಕಾರಕ್ಕೆ ತಂದು ಫ್ಲೈ ಕಟರ್ ಮಾಡಬಹುದು. ನೇರ ಪಕ್ಕದ ಆಕಾರಗಳಿಗೆ ಇದೇ ಒಳ್ಳೆಯದು. ತಗ್ಗಾದ ಕಂಸವನ್ನು ಗಡಸು ಉಕ್ಕಿನಲ್ಲಿ ನಿಖರವಾಗಿ ಕೊರೆಯುವುದು ಮಾತ್ರ ಹೆಣಗಾಟ.

ಮನೆಯ ಕಟರ್ ನಿಜವಾಗಿ ಸೋಲುವ ಜಾಗ ಕುಲುಮೆ. ವಾರಗಟ್ಟಲೆ ಮಾಡಿದ ಕೆಲಸ ಇಲ್ಲಿ ಕೆಲವೇ ನಿಮಿಷಗಳಲ್ಲಿ ಕೈಬಿಟ್ಟು ಹೋಗಬಹುದು. ಸಿಲ್ವರ್ ಸ್ಟೀಲಿಗೆ 770–780 ಡಿಗ್ರಿ, ಓ-1ಕ್ಕೆ 790–815 ಡಿಗ್ರಿ ಶಾಖ ಬೇಕು. ಕಣ್ಣಳತೆಯ ಕೆಂಪು ಬಣ್ಣವನ್ನು ನಂಬುವುದು ಅಪಾಯ. ಬಿಸಿಲಿನಲ್ಲಿ ಮಂದವಾಗಿ ಕಂಡದ್ದು ಕತ್ತಲಲ್ಲಿ ಪ್ರಖರವಾಗಿ ಕಾಣುತ್ತದೆ. ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವ ಕ್ಷಣ ಇದಕ್ಕಿಂತ ಹೆಚ್ಚು ಭರವಸೆಯದು. ಅಲ್ಲಿಂದ ತುಸು ಮೇಲಕ್ಕೇರಿಸಿ, ಒಳಗಿನವರೆಗೆ ಶಾಖ ಹರಡಲು ಕೆಲವು ನಿಮಿಷ ಹಿಡಿದು, ತಣಿಸಬೇಕು. ಬಿಸಿಯಲ್ಲಿ ಗಾಳಿ ತಗುಲಿದ ಮೇಲ್ಪದರ ಇಂಗಾಲ ಕಳೆದುಕೊಳ್ಳುತ್ತದೆ, ಆಗ ಅಂಚಿನ ಮೇಲೊಂದು ಮೆದು ಚರ್ಮ ಉಳಿಯುತ್ತದೆ. ಬೋರಿಕ್ ಆಮ್ಲದ ಲೇಪ ಅದನ್ನು ತಡೆಯುತ್ತದೆ. ಹಲ್ಲಿನ ಮುಖಗಳನ್ನು ಕೊನೆಯಲ್ಲಿ ಕಲ್ಲಿನಿಂದ ಉಜ್ಜಿದರೆ ಉಳಿದ ಮೆದು ಪದರವೂ ಹೋಗುತ್ತದೆ. ರಿಲೀಫ್ ಸರಿಯಿದ್ದರೆ ಆಕಾರಕ್ಕೆ ಏನೂ ಆಗುವುದಿಲ್ಲ. ರೇಖಾಗಣಿತ ಇಲ್ಲೂ ಕೈಹಿಡಿಯುತ್ತದೆ ಎಂದಾಯಿತು. ತಣಿಸಿದ ಉಕ್ಕು ಗಾಜಿನಷ್ಟು ಪೆಡಸು. ತಡಮಾಡದೆ 200–230 ಡಿಗ್ರಿಯಲ್ಲಿ, ತೆಳು ಒಣಹುಲ್ಲಿನ ಬಣ್ಣ ಬರುವವರೆಗೆ ಹದ ಹಾಕಬೇಕು. ಟಾರ್ಚಿಗಿಂತ ಅಡುಗೆಯ ಓವನ್ ಇದಕ್ಕೆ ವಾಸಿ, ಏಕೆಂದರೆ ಅದು ಇಡೀ ಕಟರನ್ನು ಒಂದೇ ಶಾಖದಲ್ಲಿ ಹಿಡಿಯುತ್ತದೆ. ತೆಳ್ಳಗಿನ ಬಿಲ್ಲೆ ತಣಿಯುವಾಗ ಸೊಟ್ಟಗಾಗುವುದು ಇನ್ನೊಂದು ಕಾಟ. ನೀರಿಗಿಂತ ಎಣ್ಣೆ ನಿಧಾನವಾಗಿ ತಣಿಸುವುದರಿಂದ ಸೊಟ್ಟಾಗುವುದೂ ಸೀಳುವುದೂ ಕಡಿಮೆ. ಹಲ್ಲಿನ ಬುಡದಲ್ಲಿ ಚೂಪು ಮೂಲೆ ಬಿಟ್ಟಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ಆದ್ದರಿಂದ ಅಲ್ಲಿ ದುಂಡು ಕೊಡಬೇಕು. ಎಣ್ಣೆಗೆ ಬೆಂಕಿ ಹತ್ತುವುದು ಸಾಮಾನ್ಯ. ಲೋಹದ ಪಾತ್ರೆ, ಮುಚ್ಚಲು ಲೋಹದ ಮುಚ್ಚಳ ಕೈಗೆಟುಕುವಂತಿರಬೇಕು, ನೀರು ಹತ್ತಿರವೂ ಬರಬಾರದು.

ಮೂರನೆಯ ಆಕ್ಷೇಪ ಹಲ್ಲುಗಳ ಸಂಖ್ಯೆಯದು. ಕೊಂಡ ಕಟರ್‌ನಲ್ಲಿ ಹತ್ತೋ ಹನ್ನೆರಡೋ ಹಲ್ಲು, ಮನೆಯದರಲ್ಲಿ ನಾಲ್ಕು ಅಥವಾ ಒಂದು, ಕೆಲಸ ಒರಟಾಗದೇ? ಹೆಚ್ಚು ಹಲ್ಲು ಎಂದರೆ ಒಳ್ಳೆಯ ಕಟರ್ ಎಂಬ ನಂಬಿಕೆಯನ್ನು ಉದ್ಯಮವೇ ನೂರು ವರ್ಷದ ಹಿಂದೆ ಕೈಬಿಟ್ಟಿತು. 1910ರ ಆಸುಪಾಸಿನಲ್ಲಿ ಸಿನ್ಸಿನಾಟಿ ಮಿಲ್ಲಿಂಗ್ ಮೆಷೀನ್ ಕಂಪನಿಯಲ್ಲಿ ಎ. ಎಲ್. ಡಿಲೀವ್ ನಡೆಸಿದ ಪ್ರಯೋಗಗಳು, ಕಡಿಮೆ ಮತ್ತು ದೊಡ್ಡ ಹಲ್ಲುಗಳ ಕಟರ್ ಅಷ್ಟೇ ಲೋಹವನ್ನು ಕಡಿಮೆ ಶಕ್ತಿಯಲ್ಲಿ ತೆಗೆಯುತ್ತದೆ ಎಂದು ತೋರಿಸಿದವು. ತೆಳು ಸಿಪ್ಪೆ ತೆಗೆಯಲು ದಪ್ಪ ಸಿಪ್ಪೆಗಿಂತ ಪ್ರಮಾಣಕ್ಕೆ ಹೆಚ್ಚು ಶಕ್ತಿ ಬೇಕಾಗುವುದೇ ಇದಕ್ಕೆ ಕಾರಣ. ಅರ್ಧ ಕುದುರೆಶಕ್ತಿಯ ಮೋಟಾರಿನ, ಅಷ್ಟೇನೂ ಗಟ್ಟಿಯಲ್ಲದ ಮನೆಯ ಯಂತ್ರಕ್ಕೆ ಇದು ಅನುಕೂಲವೇ. ಇನ್ನೊಂದು ಸಂಗತಿಯನ್ನು ಕೈಪಿಡಿಗಳು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಚಿಕ್ಕ ಯಂತ್ರಗಳಲ್ಲಿ ಕಟರ್ ಕೂರುವ ದಂಡ, ಅಂದರೆ ಆರ್ಬರ್, 0.05 ಮಿ.ಮೀ. ಓಲಾಡುವುದು ಅಪರೂಪವಲ್ಲ. ಹಲ್ಲೊಂದಕ್ಕೆ ಫೀಡೂ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಹನ್ನೆರಡು ಹಲ್ಲಿನ ದುಬಾರಿ ಕಟರ್‌ನಲ್ಲೂ ನಿಜವಾಗಿ ಕತ್ತರಿಸುವುದು ಎತ್ತರದಲ್ಲಿರುವ ಕೆಲವೇ ಹಲ್ಲುಗಳು, ಉಳಿದವು ಜೊತೆಗೆ ಸುತ್ತುತ್ತವೆ ಅಷ್ಟೆ. ಒಂದೇ ಹಲ್ಲಿನ ಕಟರ್‌ಗೆ ಓಲಾಟ ಎಂಬುದೇ ಇಲ್ಲ. ಅದರ ಅಂಚು ಪ್ರತಿ ಸುತ್ತಿನಲ್ಲೂ ಒಂದೇ ದಾರಿಯಲ್ಲಿ ಬರುತ್ತದೆ, ಹಾಗಾಗಿ ಅದು ಬಿಡುವ ತೋಡಿನ ಆಕಾರ ಅಂಚಿನ ಆಕಾರವೇ. ಅದರ ಕೆಡುಕು ಬೇರೆ ಕಡೆ: ಪ್ರತಿ ಸುತ್ತಿಗೊಮ್ಮೆ ಬಡಿತ, ಆ ಬಡಿತಕ್ಕೆ ಸಡಿಲ ಸ್ಲೈಡುಗಳು ನಡುಗುತ್ತವೆ. ಹಿತ್ತಾಳೆ, ಅಲ್ಯೂಮಿನಿಯಂಗಳಲ್ಲಿ ಇದು ಗಮನಕ್ಕೇ ಬಾರದು, ಉಕ್ಕಿನಲ್ಲಿ ಬರುತ್ತದೆ.

ಕೊನೆಯ ಆಕ್ಷೇಪ ಲೌಕಿಕವಾದದ್ದು: ಇಂದು ಅಗ್ಗದ ಗೇರ್ ಕಟರ್‌ಗಳು ಅಂಚೆಯಲ್ಲಿ ಮನೆಗೇ ಬರುವಾಗ ಈ ಪಾಡೇಕೆ? ಮಾಡ್ಯೂಲ್ 1, 20 ಡಿಗ್ರಿ, ಸಾಮಾನ್ಯ ಹಲ್ಲುಗಳು ಇಷ್ಟೇ ಬೇಕಿದ್ದರೆ ಕೊಳ್ಳುವುದೇ ಜಾಣತನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗಳಲ್ಲಿರುವ ಯಂತ್ರಗಳು ಬಹುತೇಕ ಹಳೆಯವು. ಹಳೆಯ ಬ್ರಿಟಿಷ್ ಲೇತುಗಳ ಬದಲಿ ಗೇರುಗಳು ಡಯಾಮೆಟ್ರಲ್ ಪಿಚ್ (ಪಿಚ್ ವ್ಯಾಸದ ಪ್ರತಿ ಅಂಗುಲಕ್ಕೆ ಎಷ್ಟು ಹಲ್ಲು ಎಂಬ) ಲೆಕ್ಕದವು, ಒತ್ತಡ ಕೋನ 14.5 ಡಿಗ್ರಿ, 20 ಪಿಚ್ಚಿನ ಗೇರು ಮೆಟ್ರಿಕ್ ಲೆಕ್ಕದಲ್ಲಿ ಮಾಡ್ಯೂಲ್ 1.27 ಆಗುತ್ತದೆ, ಇಂದಿನ ಮಾಡ್ಯೂಲ್ ಪಟ್ಟಿಗಳಲ್ಲಿ ಅದಿಲ್ಲ. ಅಂಗುಲದ ಲೀಡ್ ಸ್ಕ್ರೂ ಇರುವ ಅಂಥ ಲೇತಿನಲ್ಲಿ ಮೆಟ್ರಿಕ್ ಮರೆ (ಥ್ರೆಡ್) ನಿಖರವಾಗಿ ಕತ್ತರಿಸಲು 127 ಹಲ್ಲಿನ ಗೇರು ಬೇಕು, ಏಕೆಂದರೆ 25.4ರ ಐದು ಪಟ್ಟು 127. ಆ ಒಂದು ಗೇರಿಗಾಗಿಯೇ ಕಟರ್ ಹುಡುಕಿ ಕೊಳ್ಳುವುದಕ್ಕಿಂತ ಒಂದು ಜೊತೆ ಗುಂಡಿ ತಿರುಗಿಸುವುದು ಹಗುರ. ಗಡಿಯಾರದ ಚಕ್ರಗಳ ಹಲ್ಲು ಇನ್ವೊಲ್ಯೂಟ್ ಅಲ್ಲ, ಸೈಕ್ಲಾಯ್ಡ್ ಮೂಲದ್ದು. ಅದಕ್ಕೆ ಸಾಮಾನ್ಯ ಅಂಗಡಿಯ ಕಟರ್ ಹೊಂದುವುದೇ ಇಲ್ಲ. ವರ್ಮ್ ಚಕ್ರದ ಹಾಬ್ ಇನ್ನೂ ಒಳ್ಳೆಯ ಉದಾಹರಣೆ. ಜೊತೆಗಾರ ವರ್ಮಿನದೇ ಮರೆಯನ್ನು ಸಿಲ್ವರ್ ಸ್ಟೀಲಿನಲ್ಲಿ ಕೊಂಚ ದೊಡ್ಡದಾಗಿ ತಿರುಗಿಸಿ, ಉದ್ದಕ್ಕೂ ಕೆಲವು ತೋಡು ತೆಗೆದು ಗಡಸು ಮಾಡಿದರೆ ಹಾಬ್ ಸಿದ್ಧ. ಹಿತ್ತಾಳೆಯ ಚಕ್ರಕ್ಕಾದರೆ ಟ್ಯಾಪಿನ ಹಾಗೆ ರಿಲೀಫ್ ಇಲ್ಲದೆಯೂ ಕತ್ತರಿಸುತ್ತದೆ. ಡವ್‌ಟೇಲ್ ಕಟರ್ ಕೂಡ ಮನೆಯಲ್ಲಿ ಸಲೀಸು, ಅದರ ಪಕ್ಕ ನೇರ ಶಂಕು ಅಷ್ಟೆ. ಟಿ-ಸ್ಲಾಟ್ ಕಟರ್‌ಗೆ ಬರುವ ಹೊತ್ತಿಗೆ ರಿಲೀಫಿನ ಪಾಠ ಮತ್ತೆ ತಲೆ ಎತ್ತುತ್ತದೆ: ಅದರ ಮೇಲು ಕೆಳಗಿನ ಮುಖಗಳು ತ್ರಿಜ್ಯಕ್ಕೆ ಸಮಾನಾಂತರ, ಆದ್ದರಿಂದ ಸುತ್ತಲಿನ ರಿಲೀಫ್ ಅವುಗಳಿಗೆ ತಗುಲುವುದೇ ಇಲ್ಲ, ಎರಡೂ ಮುಖಗಳನ್ನು ಕೇಂದ್ರದತ್ತ ತಗ್ಗಾಗಿ ತಿರುಗಿಸದಿದ್ದರೆ ಕಟರ್ ತೋಡಿನಲ್ಲೇ ಸಿಕ್ಕಿ ಮುರಿಯುತ್ತದೆ. ಸುರುಳಿ ತೋಡಿನ ಎಂಡ್ ಮಿಲ್, ತೆಳು ಸ್ಲಿಟಿಂಗ್ ಗರಗಸ, ಕಾರ್ಬೈಡಿನ ಯಾವುದೇ ಕಟರ್ ಇವುಗಳಿಗೆ ಮಾತ್ರ ಮನೆಯಲ್ಲಿ ಕೈಹಾಕದಿರುವುದು ಲೇಸು. ಇವುಗಳಲ್ಲಿ ಆಕಾರಕ್ಕಿಂತ ವಸ್ತು ಮತ್ತು ಸಾಣೆಯ ಯಂತ್ರವೇ ಮುಖ್ಯ, ಬೆಲೆಯೂ ಕಡಿಮೆ.

ಮನೆಯ ಕಟರ್‌ಗೆ ಕಾರ್ಖಾನೆಯ ಪೆಟ್ಟಿಗೆಯಾಗಲೀ ಚೀಟಿಯಾಗಲೀ ಇರುವುದಿಲ್ಲ; ಕೆಲವು ತಿಂಗಳು ಕಳೆದರೆ ಮಾಡಿದವನಿಗೇ ಅದರ ಅಳತೆ ಮರೆಯುತ್ತದೆ. ಮಾಡ್ಯೂಲ್, ಒತ್ತಡ ಕೋನ, ಯಾವ ಹಲ್ಲಿನ ಸಂಖ್ಯೆಗೆ ಮಾಡಿದ್ದು, ಎಷ್ಟು ಆಳ, ಯಾವ ಉಕ್ಕು ಎಂಬುದನ್ನು ಬಿಲ್ಲೆಯ ಮುಖದ ಮೇಲೆ, ಹಲ್ಲಿನಿಂದ ದೂರವಾಗಿ, ಗಡಸು ಮಾಡುವ ಮೊದಲೇ ಹಗುರವಾಗಿ ಕೆತ್ತಿಡಬೇಕು. ಗಡಸಾದ ಮೇಲೆ ಪಂಚ್ ಹೊಡೆದರೆ ಕಟರ್ ಸೀಳುತ್ತದೆ.